ಕಿವಿ ಮೇಸ್ತ್ರಿಯ ಟರ್ಬೊ

ಜನವರಿ 6

ಬೇರೆ ಗಾಡಿಗಳ ಕೆಲಸವನ್ನೆಲ್ಲ ಗ್ಯಾರೇಜಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಮುಗಿದ ಮೇಲೆ ಒರೆಸಿಹಾಕುತ್ತೇನೆ. ಇದೊಂದನ್ನು ಒರೆಸುವ ಮನಸ್ಸಿಲ್ಲ. ಅದಕ್ಕೇ ಈ ಪುಸ್ತಕ. ಯಾರಿಗೂ ತೋರಿಸುವುದಕ್ಕಲ್ಲ.

ಮೂಳೆ ಡಾಕ್ಟರಮ್ಮ ಬೆಳಿಗ್ಗೆ ತಮ್ಮ ಕಾರು ತಂದು ಬಾಗಿಲಿಗೆ ನಿಲ್ಲಿಸಿದರು. ನಲವತ್ತು ವರ್ಷದ ಸ್ಪೋರ್ಟ್ಸ್ ಕಾರು. ಎಂಜಿನ್ ಹಿಂದುಗಡೆ. ಆರು ಸಿಲಿಂಡರ್, ಮೂರು ಎಡಕ್ಕೆ ಮೂರು ಬಲಕ್ಕೆ ಮಲಗಿವೆ. ರೇಡಿಯೇಟರ್ ಇಲ್ಲ, ನೀರಿಲ್ಲ. ದೊಡ್ಡದೊಂದು ಫ್ಯಾನು ಬೀಸುವ ಗಾಳಿಯಲ್ಲೇ ತಣ್ಣಗಾಗಬೇಕು. ಹದಿನೇಳು ವರ್ಷದಿಂದ ನಾನೇ ಅದರ ಡಾಕ್ಟರು. ಅರವತ್ತಮೂರರ ಈ ಹೆಂಗಸು ವರ್ಷಕ್ಕೊಮ್ಮೆ ಹಳೆಯ ಕಾರುಗಳ ಗುಡ್ಡ ಏರುವ ಓಟಕ್ಕೆ ಹೋಗುತ್ತಾರೆ. ಅಲ್ಲಿ ಒಬ್ಬೊಬ್ಬರೇ ಏರಬೇಕು, ಗಡಿಯಾರವೇ ಎದುರಾಳಿ. ಅವರದ್ದು ಎಷ್ಟು ಒದ್ದಾಡಿದರೂ ಮೂರು ನಿಮಿಷ ಹನ್ನೆರಡು ಸೆಕೆಂಡು.

“ಈ ಏಪ್ರಿಲ್ಲೇ ಕೊನೇದಂತೆ ಮೇಸ್ತ್ರಿಗಳೇ. ಆಮೇಲೆ ಆ ರಸ್ತೆ ಅಗಲ ಮಾಡ್ತಾರೆ, ಓಟ ನಿಂತುಹೋಗುತ್ತೆ. ಒಂದೇ ಒಂದು ಸಲ ಮೂರು ನಿಮಿಷದೊಳಗೆ ಏರಬೇಕು ನಾನು. ಟರ್ಬೊ ಹಾಕಿ ಕೊಡಿ.”

ಹೊರಗೆ ಬಿಸಾಡುವ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಆ ಚಕ್ರದ ಇನ್ನೊಂದು ಮಗ್ಗುಲಿನಿಂದ ಎಂಜಿನ್‌ಗೆ ಗಾಳಿ ಊದಿಸುವುದೇ ಟರ್ಬೊ. ಗಾಳಿ ಹೆಚ್ಚಾದರೆ ಬಲ ಹೆಚ್ಚು, ಬಿಸಿಯೂ ಹೆಚ್ಚು. ನೀರಿಲ್ಲದ ಎಂಜಿನ್‌ಗೆ ಬಿಸಿ ಎಂದರೆ ಯಮ. ಇದರ ಹೊರಗಿನ ಕವಚವಂತೂ ಈಗ ಯಾವ ಲೋಕದಲ್ಲೂ ಸಿಗುವುದಿಲ್ಲ, ಅದು ಒಡೆದರೆ ಕಾರಿನ ಕಥೆಯೇ ಮುಗಿಯಿತು. ಇನ್ನೆರಡು ಗ್ಯಾರೇಜಿನವರು ಆಗುವುದಿಲ್ಲ ಎಂದು ಕೈಯಾಡಿಸಿಬಿಟ್ಟರಂತೆ. ಅದನ್ನು ಕೇಳಿದ ಮೇಲೆ ನಾನು ಒಪ್ಪದೆ ಇರುವುದು ಹೇಗೆ. ನನ್ನನ್ನು ಊರೆಲ್ಲ ಕಿವಿ ಮೇಸ್ತ್ರಿ ಎನ್ನುವುದು ಸುಮ್ಮನೆ ಅಲ್ಲ. ಉದ್ದ ಸ್ಕ್ರೂಡ್ರೈವರಿನ ತುದಿ ಎಂಜಿನ್‌ಗೆ, ಹಿಡಿ ಕಿವಿಗೆ. ಒಳಗೆ ಯಾವುದು ಸವೆದಿದೆ, ಯಾವುದು ಸಡಿಲ ಎಂದು ಬಿಚ್ಚದೆ ಹೇಳುತ್ತೇನೆ. ಬಿಚ್ಚಿ ನೋಡಿದವರು ಆಮೇಲೆ ಕೈ ಮುಗಿದಿದ್ದಾರೆ.

ಸಂಜೆ ಕೆಟಲ್ ಮತ್ತೆ ತಳ ಹಿಡಿಯಿತು. ನೀರು ಕುದಿದರೆ ಸಿಳ್ಳೆ ಹೊಡೆಯಬೇಕಾದ ಕೆಟಲ್, ಸಿಳ್ಳೆ ಕೆಟ್ಟು ಕೂತಿದೆ. ಹೆಂಡತಿ ಏನೋ ಗೊಣಗಿದಳು. ಈಚೆಗೆ ಅವಳು ಎಲ್ಲ ಮಾತನ್ನೂ ಗೋಡೆಗೆ ಹೇಳಿದಂತೆ ಹೇಳುತ್ತಾಳೆ.

ಜನವರಿ 15

ಎಂಜಿನ್ ಕೆಳಗಿಳಿಸಿ ಪೂರ್ತಿ ಬಿಚ್ಚಿದೆ. ಕವಚದಲ್ಲಿ ಕೂದಲೆಳೆಯ ಬಿರುಕೂ ಇಲ್ಲ. ಹದಿನೇಳು ವರ್ಷ ಯಾರ ಕೈಯಲ್ಲಿತ್ತು ಮತ್ತೆ.

ನಮಗೆ ಲೋಹದ ಭಾಗಗಳನ್ನು ಕಡೆದುಕೊಡುವ ಲೇತಿನವನು ಬಂದು ಹೊಗೆಪೈಪಿನ ಅಳತೆ ತೆಗೆದುಕೊಂಡು ಹೋದ. ನನಗಿಂತ ಹತ್ತು ವರ್ಷ ಚಿಕ್ಕವನು, ಕೈ ಬಂಗಾರ. ಆದರೆ ಮಾತೆಲ್ಲ ಮೀಸೆಯೊಳಗೇ ಉಳಿಯುತ್ತದೆ. “ಮೀಸೆ ಕತ್ತರಿಸೋ, ಮಾತು ಹೊರಗೆ ಬರಲಿ” ಎಂದೆ. “ಅಣ್ಣ, ನಾನು ಮೀಸೆ ತೆಗೆದು ಎರಡು ವರ್ಷ ಆಯ್ತು” ಎಂದ. ನೋಡಿದರೆ ಹೌದು. ದಿನಾ ನೋಡುವ ಮುಖವನ್ನು ಯಾರು ನೋಡುತ್ತಾರೆ.

ಕೆಟಲ್ಲಿನ ಸಿಳ್ಳೆಯ ತೂತನ್ನು ಸಣ್ಣ ಅರದಿಂದ ಉಜ್ಜಿ ಸರಿಮಾಡಿದೆ. ಪ್ರಯೋಜನವಿಲ್ಲ.

ಜನವರಿ 30

ಹೊಸ ಪಿಸ್ಟನ್‌ಗಳು ಬಂದವು, ತಲೆ ತಗ್ಗಾಗಿರುವಂಥವು. ಟರ್ಬೊ ಊದುವ ಹೆಚ್ಚಿನ ಗಾಳಿಗೆ ಒಳಗೆ ಜಾಗ ಬೇಕಲ್ಲ. ಆರನ್ನೂ ತೂಗಿ, ಉಜ್ಜಿ, ಮತ್ತೆ ತೂಗಿ, ಅರ್ಧ ಗ್ರಾಮಿನ ವ್ಯತ್ಯಾಸಕ್ಕೆ ತಂದೆ. ಕಾರ್ಖಾನೆಯವರೂ ಇಷ್ಟು ಮಾಡುವುದಿಲ್ಲ.

ಫೆಬ್ರವರಿ 13

ಮೊದಲ ಸಲ ಸ್ಟಾರ್ಟ್ ಮಾಡಿದೆ. ಎರಡನೇ ಸುತ್ತಿಗೇ ಹಿಡಿದುಕೊಂಡಿತು, ಕಣ್ಣಲ್ಲಿ ನೀರು ಬಂತು. ಅದು ಬರೀ ಸಂತೋಷದ ನೀರಲ್ಲ. ಐದು ನಿಮಿಷದಲ್ಲಿ ಬೀದಿಗೆ ಬೀದಿಯೇ ನೀಲಿ ಹೊಗೆಯಲ್ಲಿ ಮುಳುಗಿತು. ಟರ್ಬೊವನ್ನು ತೀರ ಕೆಳಗೆ ಕೂರಿಸಿದ್ದೆ. ಅದಕ್ಕೆ ಹೋದ ಆಯಿಲ್ ಮೇಲೆ ಹತ್ತಿ ವಾಪಸ್ ಬರಲಾರದೆ ಹೊಗೆಪೈಪಿಗೆ ಇಳಿದು ಸುಟ್ಟಿತು. ಆಯಿಲನ್ನು ಎಳೆದು ಮೇಲಕ್ಕೆ ತರಲು ಒಂದು ಸಣ್ಣ ಪಂಪು ಬೇಕು. ಅದು ನನಗೆ ಮೊದಲೇ ಹೊಳೆದಿತ್ತು, ಬೇಡವಾಗಬಹುದು ಎಂದು ಬಿಟ್ಟಿದ್ದೆ, ಅಷ್ಟೆ.

ಹೆಂಡತಿ ಹಿತ್ತಲಿನಿಂದ ಒಣಗಿದ ಬಟ್ಟೆಯ ರಾಶಿ ಹೊತ್ತುಕೊಂಡು ಬಂದಳು. “ಎಲ್ಲ ನಿಮ್ಮ ಅಂಗಿಗಳೇ. ಹೊಗೆ ವಾಸನೆಯೇ ನಿಮಗೆ ಸೆಂಟು, ಹಾಕ್ಕೊಳ್ಳಿ” ಎಂದಳು.

“ಪಂಪು ಹಾಕೋದು ಮುಂಚಿಂದಲೂ ನನ್ನ ಲೆಕ್ಕದಲ್ಲೇ ಇತ್ತು” ಎಂದೆ.

“ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದನಂತೆ” ಎಂದು ಒಳಗೆ ಹೋದಳು. ಇಂಥ ಮಾತುಗಳನ್ನು ಮಾತ್ರ ಗಟ್ಟಿಯಾಗಿ ಹೇಳುತ್ತಾಳೆ.

ಫೆಬ್ರವರಿ 24

ಪಂಪು ಕೂತಿತು, ಹೊಗೆ ನಿಂತಿತು. ಹಿಂದಿನ ಚಕ್ರಗಳನ್ನು ನಮ್ಮ ರೋಲರಿನ ಮೇಲೆ ನಿಲ್ಲಿಸಿ ಬ್ರೇಕಿನ ಭಾರ ಕೊಟ್ಟೆ. ಗುಡ್ಡ ಏರುವಾಗ ಎಂಜಿನ್ ಎಷ್ಟು ಎಳೆಯಬೇಕೋ ಅಷ್ಟನ್ನು ನಿಂತಲ್ಲೇ ಎಳೆಸಿದೆ. ಮೂರು ಸಾವಿರ ಸುತ್ತು ದಾಟುತ್ತಿದ್ದಂತೆ ಟರ್ಬೊ ಊದಲು ಶುರುವಾಯಿತು. ಮುಳ್ಳು ಏರುತ್ತಲೇ ಹೋಯಿತು. ಹಳೆಯ ಎಂಜಿನ್‌ನ ಎದೆಯಲ್ಲಿ ಇಷ್ಟೊಂದು ಉಸಿರಿತ್ತೇ ಎನಿಸಿತು. ಆ ಹೊತ್ತಿನಲ್ಲಿ ನನಗಾದ ಹೆಮ್ಮೆಯನ್ನು ಬರೆಯಲು ಬರುವುದಿಲ್ಲ. ಗುಡುಗು ನೆಲದಿಂದ ಅಂಗಾಲಿಗೆ ಬರುತ್ತಿತ್ತು.

ಇನ್ನು ಉಳಿದಿರುವುದು ಟೈಮಿಂಗ್. ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಎಂಬುದು. ಡಿಗ್ರಿ ಏರಿದಷ್ಟೂ ಕಿಡಿ ಬೇಗ, ಬೇಗ ಹಾರಿದಷ್ಟೂ ಬಲ. ತೀರ ಬೇಗವಾದರೆ ಒಳಗಿನ ಪೆಟ್ರೋಲು ಹದವಾಗಿ ಉರಿಯದೆ ಸಿಡಿಯುತ್ತದೆ. ಅದಕ್ಕೆ ನಾವು ನಾಕಿಂಗ್ ಎನ್ನುತ್ತೇವೆ, ಚಿಟಚಿಟ ಎನ್ನುವ ಸಣ್ಣ ಸದ್ದು. ಬಿಟ್ಟರೆ ಪಿಸ್ಟನ್ನನ್ನೇ ತಿನ್ನುತ್ತದೆ. ಯಂತ್ರ ನೋಡಿಕೊಂಡು ಮಾಡುವವರು ಮಾಡಿಕೊಳ್ಳಲಿ. ನನ್ನ ಗುರು ಕಲಿಸಿದ ಪದ್ಧತಿ ಒಂದೇ: ಚಿಟ್ ಎನ್ನುವವರೆಗೆ ಟೈಮಿಂಗ್ ಮುಂದೆ ತಾ, ಅಂದ ಕೂಡಲೇ ಎರಡು ಡಿಗ್ರಿ ಹಿಂದೆ ಸರಿ, ಬಿಗಿ ಮಾಡು. ಕಿವಿ ಇದ್ದವನಿಗೆ ಇದಕ್ಕಿಂತ ಸುಲಭ ಯಾವುದಿದೆ.

ಇಪ್ಪತ್ತನಾಲ್ಕು ಡಿಗ್ರಿಯಿಂದ ಶುರು ಮಾಡಿದೆ. ಸದ್ದಿಲ್ಲ. ಇಪ್ಪತ್ತಾರಕ್ಕೂ ಇಲ್ಲ.

ನಮ್ಮ ಅಡುಗೆಮನೆಯ ಕಿಟಕಿ ಗ್ಯಾರೇಜಿಗೇ ತೆರೆದುಕೊಂಡಿದೆ. ಹೆಂಡತಿ ಅಲ್ಲಿಂದ ಕೈ ಆಡಿಸಿದಳು. ಎಂಜಿನ್ ನಿಲ್ಲಿಸಿದೆ. “ರೀ, ಅದರೊಳಗೆ ಯಾರೋ ಗಾಜಿನ ಗೋಲಿ ಚೆಲ್ಲಿದ ಹಾಗೆ ಕೇಳುತ್ತೆ” ಎಂದಳು. ಪಾತ್ರೆ ನಡುಗಿರಬೇಕು, ಶೆಲ್ಫ್ ನೋಡು ಎಂದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ಆಪರೇಟರ್ ಆಗಿದ್ದವಳು. ಅಲ್ಲಿ ಏನು ಮಾಡುತ್ತಿದ್ದಳೋ, ವೈರು ಚುಚ್ಚುವುದು, ವೈರು ಕೀಳುವುದು, ಅಷ್ಟೇ ತಾನೆ. ಎಂಜಿನ್ ವಿಷಯ ಅವಳಿಗೇನು ಗೊತ್ತು.

ಮಾರ್ಚ್ 3

ಇಪ್ಪತ್ತೆಂಟಾಯಿತು, ಇವತ್ತು ಮೂವತ್ತಕ್ಕೂ ತಂದೆ. ಚಿಟ್ ಎನ್ನಲಿಲ್ಲ. ಟರ್ಬೊ ಇರುವ ಎಂಜಿನ್ ಇಷ್ಟು ಮುಂದಿನ ಟೈಮಿಂಗ್ ತಡೆದುಕೊಂಡದ್ದನ್ನು ನಾನು ಕಂಡಿಲ್ಲ, ಕೇಳಿಲ್ಲ. ಆ ಪಿಸ್ಟನ್‌ಗಳನ್ನು ತೂಗಿದ್ದು ಸಾರ್ಥಕ. ಲೇತಿನವನನ್ನು ಕರೆಸಿ ತೋರಿಸಿದೆ. ಅವನು ಮುಖ ಸಿಂಡರಿಸಿ, “ಅಣ್ಣ, ಏನೋ ಚಿಟಿಗುಟ್ಟಿದ ಹಾಗಾಗಲ್ವಾ” ಎಂದ. ಲೇತಿನ ಮುಂದೆ ಮೂವತ್ತು ವರ್ಷ ನಿಂತ ಕಿವಿ ಅದು, ಪಾಪ. ಕಿವಿಗೆ ಹಾಗೆಲ್ಲ ಆಗುತ್ತದೆ ಎಂದು ಭುಜ ತಟ್ಟಿ ಕಳಿಸಿದೆ.

ಹೆಂಡತಿ ಊಟದ ಹೊತ್ತಿಗೆ ಮತ್ತೆ ಗೋಲಿಯ ಮಾತು ತೆಗೆದಳು. ಮೊದಲು ಒಂದೆರಡು ಇತ್ತಂತೆ, ಈಗ ಡಬ್ಬಿಗೆ ಡಬ್ಬಿ ಸುರಿಯುತ್ತಿದೆಯಂತೆ.

“ಮೂವತ್ತೆಂಟು ವರ್ಷ ಇದೇ ಅಡುಗೆಮನೆಯಲ್ಲಿ ನಿಂತು ನಿಮ್ಮ ಎಂಜಿನ್‌ಗಳನ್ನ ಕೇಳಿದ್ದೀನಿ. ಇದು ಸರಿಯಿಲ್ಲ.”

“ಕೇಳಿದವರೆಲ್ಲ ಮೇಸ್ತ್ರಿಗಳಾಗಿದ್ದಿದ್ದರೆ ಈ ಬೀದಿ ತುಂಬ ಗ್ಯಾರೇಜು ಇರ್ತಿತ್ತು” ಎಂದೆ.

ಅವಳು ತಟ್ಟೆ ತೆಗೆದುಕೊಂಡು ಎದ್ದಳು. ಮಾತಿಲ್ಲದೆ ಇರುವುದೇ ವಾಸಿ, ಹೇಗೂ ಅರ್ಧ ಮಾತು ನುಂಗುತ್ತಾಳೆ.

ಮಾರ್ಚ್ 9

ಮೂರನೇ ಸಿಲಿಂಡರ್ ಹೋಯಿತು. ಎಡಸಾಲಿನ ಕೊನೆಯದು. ಬರೆಯಲು ಕೈ ಬರುತ್ತಿಲ್ಲ.

ಮಾರ್ಚ್ 11

ಬಿಚ್ಚಿದೆ. ಕವಚ ಉಳಿದುಕೊಂಡಿದೆ. ಮೊದಲು ನೋಡಿದ್ದು ಅದನ್ನೇ. ಮೂರನೇ ಪಿಸ್ಟನ್ನಿನ ಅಂಚನ್ನು ಇಲಿ ಕಡಿದ ಹಾಗಿದೆ. ಪೆಟ್ರೋಲೇ ಕಲಬೆರಕೆ ಎಂದುಕೊಂಡು ಬಂಕಿನವನನ್ನು ಮನಸ್ಸಿನಲ್ಲೇ ಬೈದೆ. ಆಮೇಲೆ ಕಿಡಿ ಹಾರಿಸುವ ಪ್ಲಗ್‌ಗಳನ್ನು ತೆಗೆದು ಭೂತಗನ್ನಡಿಯಲ್ಲಿ ನೋಡಿದೆ. ಆರರ ಮೇಲೂ ಬೆಳ್ಳಗೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು. ಪಿಸ್ಟನ್ನಿನ ಲೋಹವೇ ಸಿಡಿದು ಅಂಟಿದ್ದು. ಇದು ಒಂದು ದಿನದ ಕೆಲಸವಲ್ಲ. ಎಂಜಿನ್ ಎರಡು ವಾರದಿಂದ ಕೂಗಿಕೊಂಡಿದೆ. ನಾನು ಅದರ ಪಕ್ಕದಲ್ಲೇ ಸ್ಕ್ರೂಡ್ರೈವರ್ ಹಿಡಿದು ನಿಂತು ಶಭಾಷ್ ಎನ್ನುತ್ತಿದ್ದೆ.

ಪ್ಲಗ್ ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. “ಗೋಲಿ ಸದ್ದು ಯಾವತ್ತಿಂದ?” ಎಂದು ಕೇಳಿದೆ.

“ಮೊದಲನೇ ದಿನದಿಂದಲೇ. ಎರಡನೇ ಸಲ ಎಳೆಸಿದಿರಲ್ಲ, ಆವಾಗಿಂದ.”

ಎಂದರೆ ಇಪ್ಪತ್ತಾರು ಡಿಗ್ರಿ. ಅಲ್ಲೇ ನಾನು ನಿಲ್ಲಿಸಬೇಕಿತ್ತು.

ಅವಳು ನನ್ನ ಮುಖ ನೋಡಿದಳು. ಕೆಟಲ್ಲಿಗೆ ನೀರು ತುಂಬಿ ಒಲೆಯ ಮೇಲಿಟ್ಟಳು. ನಾನು ಎದುರಿಗೇ ನಿಂತೆ. ನೀರು ಕುದಿಯಿತು. ಸಿಳ್ಳೆಯ ತೂತಿನಿಂದ ಆವಿ ನೆಟ್ಟಗೆ ಹೊರಟಿತು. ನನಗೆ ನೀರು ಕೊತಕೊತ ಎನ್ನುವುದು ಮಾತ್ರ ಕೇಳುತ್ತಿತ್ತು. ಹೆಂಡತಿ ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡು ನಿಂತಿದ್ದಳು.

“ನೀವು ಅರ ಹಾಕಿ ಉಜ್ಜಿದ ಮೇಲಂತೂ ಬೀದಿಗೆಲ್ಲ ಕೇಳುತ್ತೆ” ಎಂದು ಒಲೆ ಆರಿಸಿದಳು.

ನನಗೆ ಹೆದರಿಕೆಯಾಯಿತು. ಅರವತ್ತಾರು ವರ್ಷದಲ್ಲಿ ಇಂಥ ಹೆದರಿಕೆ ಆಗಿರಲಿಲ್ಲ.

ಮಾರ್ಚ್ 13

ನಿನ್ನೆ ಗ್ಯಾರೇಜು ತೆಗೆಯಲಿಲ್ಲ. ಕಾರನ್ನು ಹಳೆಯ ಹಾಗೆ ಜೋಡಿಸಿ ವಾಪಸ್ ಕೊಟ್ಟುಬಿಡೋಣ ಎಂದು ತೀರ್ಮಾನಿಸಿದ್ದೆ. ಕಿವಿ ಹೋದ ಮೇಲೆ ಕಿವಿ ಮೇಸ್ತ್ರಿಗೆ ಏನು ಕೆಲಸ. ಬೆಳಿಗ್ಗೆ ಹೇಳಿದೆ. ಹೆಂಡತಿ ಕೇಳಿಸಿಕೊಂಡಳು. ಈಗ ನನ್ನೆದುರಿಗೇ ಕೂತು, ಮುಖ ನೋಡಿ ಮಾತಾಡುತ್ತಾಳೆ.

“ಇಪ್ಪತ್ತೆಂಟು ವರ್ಷ ಊರವರ ಮಾತನ್ನೆಲ್ಲ ಈ ಕಿವೀಲಿ ಕೇಳಿದ್ದೀನಿ. ದೂರದ ಊರಿನ ಟ್ರಂಕ್ ಕಾಲಲ್ಲಿ ಗರಗರ ಅನ್ನೋದರ ಮಧ್ಯೆ ಯಾರು ಅಳ್ತಿದ್ದಾರೆ, ಯಾರು ಸುಳ್ಳು ಅಳು ಅಳ್ತಿದ್ದಾರೆ ಅಂತ ಗೊತ್ತಾಗ್ತಿತ್ತು. ಒಂದು ಎಂಜಿನ್ ಮಾತು ಕೇಳಕ್ಕಾಗಲ್ವಾ ನಂಗೆ?”

“ಅದು ಹಾಗಲ್ಲ ಕಣೇ.”

“ಹಿತ್ತಲ ಗಿಡ ಮದ್ದಲ್ಲ, ಗೊತ್ತು. ಒಂದು ಸಲ ಅರೆದು ಹಚ್ಚಿ ನೋಡಿ. ವಾಸಿಯಾಗದಿದ್ರೆ ಆಮೇಲೆ ಕಿತ್ತು ಬಿಸಾಕಿ.”

ಮಧ್ಯಾಹ್ನ ಡಾಕ್ಟರಮ್ಮನ ಆಸ್ಪತ್ರೆಗೆ ಹೋಗಿ ಪಿಸ್ಟನ್ನನ್ನು ಅವರ ಮೇಜಿನ ಮೇಲಿಟ್ಟೆ. ತಪ್ಪು ನನ್ನದು, ನನಗೆ ಸಣ್ಣ ಸದ್ದು ಕೇಳುವುದಿಲ್ಲ ಎಂದೆ. ಅವರು ಪಿಸ್ಟನ್ನಿನ ಅಂಚನ್ನು ಬೆರಳಲ್ಲಿ ಸವರಿ, “ಮೂಳೆ ಸವೆದ ಹಾಗೇ ಇದೆ” ಎಂದರು. ಆಮೇಲೆ, “ಎರಡು ವರ್ಷದಿಂದ ನೀವು ನನ್ನ ಬಾಯಿ ನೋಡ್ತಾ ಮಾತು ಕೇಳ್ತೀರಿ, ನಾನೂ ಗಮನಿಸಿದ್ದೆ. ಹೇಳಬೇಕಿತ್ತು, ಹೇಳಲಿಲ್ಲ. ಏಪ್ರಿಲ್ ಹದಿಮೂರಕ್ಕೆ ಓಟ. ಕಾರು ಯಾವಾಗ ಕೊಡ್ತೀರಿ?” ಎಂದರು.

ಹನ್ನೊಂದಕ್ಕೆ ಎಂದೆ. ಬಾಯಿಂದ ಬಂದುಬಿಟ್ಟಿತು.

ಮಾರ್ಚ್ 26

ಹೊಸ ಪಿಸ್ಟನ್ ಕೂತಿತು. ಎರಡು ತಾಮ್ರದ ಕೊಳವೆಗಳ ತುದಿ ಚಪ್ಪಟೆ ಮಾಡಿ, ಎಂಜಿನ್ನಿನ ಎಡಕ್ಕೊಂದು ಬಲಕ್ಕೊಂದು ಬೋಲ್ಟ್ ಹಾಕಿ ಬಿಗಿದೆ. ಅವುಗಳಿಂದ ರಬ್ಬರ್ ನಳಿಗೆ ಎಳೆದು ಕಿವಿಗೆ ತಂದರೆ, ಹೊರಗಿನ ಗದ್ದಲ ಬಿಟ್ಟು ಒಳಗಿನ ಸದ್ದು ಮಾತ್ರ ಬರುತ್ತದೆ. ಕಿವಿಯ ಮೇಲೆ ಕೂರುವುದಕ್ಕೆ ಏನು ಮಾಡುವುದು ಎಂದು ಯೋಚಿಸುತ್ತಿದ್ದೆ. ಹೆಂಡತಿ ಟ್ರಂಕಿನ ತಳದಿಂದ ತನ್ನ ಆಫೀಸಿನ ಹಳೆಯ ಹೆಡ್‌ಫೋನ್ ತಂದಳು. ನಿವೃತ್ತಿಯ ದಿನ ಕೊಟ್ಟು ಕಳಿಸಿದ್ದಂತೆ. ಮನೆಯಲ್ಲಿ ಅದಿದೆ ಎಂದೇ ನನಗೆ ಗೊತ್ತಿರಲಿಲ್ಲ. ಒಳಗಿನ ವೈರು ಕಿತ್ತು ನಳಿಗೆ ಕೂರಿಸಿದೆವು.

ಗುರುವಿನ ಪದ್ಧತಿ ಬಿಟ್ಟಿಲ್ಲ. ನಾನು ಟೈಮಿಂಗ್ ಮುಂದೆ ತರುವುದು, ಅವಳು ಬೆರಳು ಎತ್ತಿದರೆ ಎರಡು ಡಿಗ್ರಿ ಹಿಂದೆ. ಕಣ್ಣು ಮುಚ್ಚಿ ಕೂತಿದ್ದಳು. ಇಪ್ಪತ್ನಾಲ್ಕಕ್ಕೆ ಸುಮ್ಮನಿದ್ದಳು. ಇಪ್ಪತ್ತೈದಕ್ಕೆ ಎಡಗೈ ಬೆರಳು ಎದ್ದಿತು.

“ಎಡಗಡೆ ಮಾತ್ರ. ಬಲಗಡೆ ಸುಮ್ಮನಿದೆ” ಎಂದಳು.

ಹಾಗಾಗಬಾರದು. ಟೈಮಿಂಗ್ ಎರಡು ಕಡೆಗೂ ಒಂದೇ. ಇನ್ನೊಮ್ಮೆ ಎಳೆಸಿದೆ. ಮತ್ತೆ ಎಡಗೈ. ನನಗೆ ವಾದ ಮಾಡಬೇಕೆನಿಸಿತು, ಮಾಡಲಿಲ್ಲ.

ಮಾರ್ಚ್ 28

ಸಿಕ್ಕಿತು. ಟರ್ಬೊ ಪೈಪಿಗೆ ಜಾಗ ಮಾಡುವಾಗ ಎಡಗಡೆಯ ತಗಡನ್ನು ನಾನೇ ಚೂರು ಬಗ್ಗಿಸಿದ್ದೆ. ಫ್ಯಾನಿನ ಗಾಳಿಯನ್ನು ಸಿಲಿಂಡರುಗಳ ಕಡೆ ತಿರುಗಿಸುವ ತಗಡು ಅದು. ಕಿರುಬೆರಳು ತೂರುವಷ್ಟು ಸಂದಿ. ಅಲ್ಲಿಂದ ಗಾಳಿ ಸೋರಿ, ಮೂರನೇ ಸಿಲಿಂಡರಿಗೆ ತಂಪೇ ಸಿಗುತ್ತಿರಲಿಲ್ಲ. ನನ್ನ ಕಿವಿ ನೆಟ್ಟಗಿದ್ದ ಕಾಲದಲ್ಲೂ ಸ್ಕ್ರೂಡ್ರೈವರಿನಲ್ಲಿ ಎಡ ಬಲ ಎರಡನ್ನೂ ಒಟ್ಟಿಗೆ ಕೇಳಿದವನಲ್ಲ. ಈಗಲೂ ಆ ಕಿವಿ ಇದ್ದಿದ್ದರೆ ಟೈಮಿಂಗ್ ಹಿಂದಕ್ಕೆ ತಂದು, ಸಂದಿಯನ್ನು ಹಾಗೇ ಬಿಟ್ಟು, ಸರಿಹೋಯಿತು ಎನ್ನುತ್ತಿದ್ದೆ. ಗುಡ್ಡದ ಅರ್ಧದಲ್ಲಿ ಅದು ಸುಟ್ಟುಹೋಗುತ್ತಿತ್ತು.

ಲೇತಿನವನು ಹೊಸ ತಗಡು ಕತ್ತರಿಸಿ ತಂದ. ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಅವಳನ್ನು ನೋಡಿ, “ಅತ್ತಿಗೆ, ನಂಗೂ ಒಂದು ಕಾಲ್ ಹಾಕಿಕೊಡಿ” ಎಂದ. “ಲೈನ್ ಬಿಸಿ ಇದೆ, ಕಾಯಿರಿ” ಎಂದಳು.

ಏಪ್ರಿಲ್ 5

ಇಪ್ಪತ್ತೇಳರವರೆಗೂ ಎರಡೂ ಕೈ ಮಡಿಲಲ್ಲೇ ಇದ್ದವು. ಇಪ್ಪತ್ತೆಂಟಕ್ಕೆ ಎರಡೂ ಬೆರಳು ಒಟ್ಟಿಗೆ ಎದ್ದವು. ಎರಡು ಹಿಂದೆ, ಇಪ್ಪತ್ತಾರಕ್ಕೆ ಬಿಗಿದೆವು. ಪೆಟ್ರೋಲು ಒಂದು ಚೂರು ಹೆಚ್ಚಿಸಿದೆವು. ಬಿಸಿ ಏರಿದ ಮೇಲೆ ಹತ್ತು ಸಲ ಎಳೆಸಿದೆವು. ಪ್ಲಗ್‌ಗಳು ಆರೂ ಬಿಸ್ಕತ್ತಿನ ಬಣ್ಣ. ಒಂದರ ಮೇಲೂ ಚುಕ್ಕೆಯಿಲ್ಲ.

ನಾನು ಇಪ್ಪತ್ತಾರೂವರೆ ಇಡೋಣ, ಅರ್ಧ ಡಿಗ್ರಿಯಲ್ಲಿ ಒಂದು ಸೆಕೆಂಡು ಸಿಗಬಹುದು ಎಂದೆ. “ಬೇಡ. ಗುಡ್ಡದಲ್ಲಿ ನಾನು ಪಕ್ಕದಲ್ಲಿ ಕೂತಿರಲ್ಲ” ಎಂದಳು. ಬೇಡ ಎಂದರೆ ಬೇಡ. ನಮ್ಮ ಗ್ಯಾರೇಜಿನಿಂದ ಇಂಥ ಎಂಜಿನ್ ಈ ಹಿಂದೆ ಹೊರಟಿಲ್ಲ.

ಏಪ್ರಿಲ್ 13

ಎಲ್ಲ ಬರೆದಿಟ್ಟುಬಿಡುತ್ತೇನೆ.

ಗುಡ್ಡದ ಕೊನೆಯ ಎರಡು ತಿರುವುಗಳು ಕಾಣುವಲ್ಲಿ, ಓಟ ಮುಗಿಯುವ ಗೆರೆಯ ಪಕ್ಕ ನಾನು, ಹೆಂಡತಿ, ಲೇತಿನವನು ನಿಂತಿದ್ದೆವು. ಡಾಕ್ಟರಮ್ಮನದು ಹದಿನಾಲ್ಕನೇ ನಂಬರು. ಹೆಂಡತಿ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಒಪ್ಪಂದ ಇಷ್ಟೇ: ಗೋಲಿ ಸದ್ದು ಕೇಳಿದರೆ ಒತ್ತಬೇಕು.

ಕಾರು ಕಾಣುವ ಮೊದಲೇ ಅವಳ ಮುಖ ಬದಲಾಯಿತು, ಕಾರಿನ ಸದ್ದು ಸಿಕ್ಕಿತು ಎಂದು ತಿಳಿದೆ. ನನಗೆ ಆಮೇಲೆ ಗುಡುಗು ಮಾತ್ರ ಕೇಳಿತು, ಅದೂ ಅಂಗಾಲಿನಿಂದ. ಕೆಳಗಿನ ತಿರುವಿನಲ್ಲಿ ಕಾರು ಬಾಲ ಒದರಿ ನೆಟ್ಟಗಾಯಿತು. ಆ ಮುದುಕಿ ಕಾಲು ತೆಗೆಯಲೇ ಇಲ್ಲ. ಎಲ್ಲರೂ ಕಾರು ನೋಡುತ್ತಿದ್ದರು. ನಾನು ನನ್ನ ಮಣಿಕಟ್ಟು ನೋಡುತ್ತಿದ್ದೆ. ಮೇಲಿನ ತಿರುವು ದಾಟಿತು, ಪೂರ್ತಿ ಭಾರ, ಪೂರ್ತಿ ಊದು, ಇಲ್ಲೇ ಸಾಯುವುದಿದ್ದರೆ ಸಾಯಬೇಕು. ಗೆರೆ ದಾಟಿಹೋಯಿತು. ಅವಳ ಬೆರಳು ಒಮ್ಮೆಯೂ ಒತ್ತಲಿಲ್ಲ.

ಎರಡು ನಿಮಿಷ ಐವತ್ತಾರು ಸೆಕೆಂಡು.

ಡಾಕ್ಟರಮ್ಮ ಹೆಲ್ಮೆಟ್ ತೆಗೆದು ಸ್ಟಿಯರಿಂಗಿಗೆ ಹಣೆ ಇಟ್ಟು ಸ್ವಲ್ಪ ಹೊತ್ತು ಕೂತರು. ನಾನು ಅತ್ತೆ. ಲೇತಿನವನೂ ಅತ್ತ, ಮೀಸೆ ಇಲ್ಲದ ಕಾರಣ ಎಲ್ಲ ಕಾಣುತ್ತಿತ್ತು.

ಆಮೇಲೆ ಮೈಕಿನಲ್ಲಿ ಕಿವಿ ಮೇಸ್ತ್ರಿ ಎಲ್ಲಿದ್ದರೂ ವೇದಿಕೆಗೆ ಬರಬೇಕು ಎಂದು ಕೂಗಿದರಂತೆ, ಎರಡು ಸಲ. ಎಲ್ಲರೂ ನನ್ನತ್ತ ತಿರುಗಿದ ಮೇಲೆ ಗೊತ್ತಾಯಿತು. ಹೆಂಡತಿ ಮೊಣಕೈಯಿಂದ ತಿವಿದು, “ನಿಮ್ಮನ್ನೇ, ಹೋಗಿ” ಎಂದಳು.

“ಕರೆದಿದ್ದು ಕಿವಿಯನ್ನ. ನೀನು ಹೋಗು” ಎಂದೆ.

ಅವಳು ನಾಚುತ್ತಾಳೆ ಎಂದುಕೊಂಡಿದ್ದೆ. ಕೂದಲು ಸರಿಮಾಡಿಕೊಂಡು ನೆಟ್ಟಗೆ ಹೋದಳು. ಡಾಕ್ಟರಮ್ಮ ಅವಳ ಕೈಗೆ ಮೈಕು ಕೊಟ್ಟು ಏನೋ ಹೇಳಿದರು. ಎಂಜಿನ್ ಮೇಸ್ತ್ರಿಗಳು, ಓಡಿಸುವವರು, ನೋಡಲು ಬಂದವರು, ಮುನ್ನೂರು ಜನ ಅವಳತ್ತಲೇ ನೋಡುತ್ತಿದ್ದರು. ಅವಳು ಮೈಕನ್ನು ಬಾಯಿಗೆ ಎಷ್ಟು ದೂರ ಹಿಡಿಯಬೇಕೋ ಅಷ್ಟೇ ದೂರ ಹಿಡಿದು ಅಂದಳು:

“ನಮಸ್ಕಾರ. ಯಾವ ನಂಬರ್ ಬೇಕಿತ್ತು?”

ಜನ ನಕ್ಕ ನಗುವಿಗೆ ಗುಡ್ಡ ಅಲ್ಲಾಡಿರಬೇಕು. ನಾನು ನಗಲಿಲ್ಲ. ಅವಳ ಆ ದನಿ ನನಗೆ ಹೊಸದು. ಇಪ್ಪತ್ತೆಂಟು ವರ್ಷ ಊರೆಲ್ಲ ಕೇಳಿದ ದನಿ. ಒಮ್ಮೆಯೂ ಅಲ್ಲಿಗೆ ಹೋದವನಲ್ಲ, ಫೋನ್ ಮಾಡಿದವನಲ್ಲ, ಹೇಗಿತ್ತು ಇವತ್ತು ಎಂದು ಕೇಳಿದವನಲ್ಲ. ತಣ್ಣಗೆ, ನಿಧಾನವಾಗಿ, ಒಂದರ ಮೇಲೊಂದು ಬೀಳದ ಹಾಗೆ ಮಾತಾಡಿದಳು. ಮೂರನೇ ಸಿಲಿಂಡರಿನ ತಗಡಿನ ಕಥೆಯನ್ನೂ ಹೇಳಿದಳು. ಬಗ್ಗಿಸಿದ್ದು ಯಾರು ಎಂದು ಮಾತ್ರ ಹೇಳಲಿಲ್ಲ.

ಒಂದಕ್ಷರವೂ ತಪ್ಪದೆ ನನಗೆ ಎಲ್ಲ ಕೇಳಿಸಿತು.